‘ಕವಿ’ಯ ಪಕ್ಕದ ಕೋಟ್ ಯಾವ ಕಡೆ ಬಾಗಬೇಕು?

ಅಚ್ಚುಮೊಳೆಯ ಕಾಲದಲ್ಲಿ ಉದ್ಧರಣ ಚಿಹ್ನೆಗೆ, ಅಂದರೆ ಕೋಟ್‌ಗೆ, ಎರಡು ಮುಖ. ಮಾತು ಶುರುವಾಗುವಲ್ಲಿ “ ಒಂದು ಮೊಳೆ, ಮುಗಿಯುವಲ್ಲಿ ” ಇನ್ನೊಂದು. ಬೆರಳಚ್ಚು ಯಂತ್ರ ಬಂದಾಗ ಕೀಲಿ ಉಳಿಸಲೆಂದು ಎರಡೂ ಕಡೆಗೆ ನೆಟ್ಟಗಿನ " ಒಂದನ್ನೇ ಇಟ್ಟರು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರ, ಚಿಹ್ನೆಗೂ ಒಂದು ಸಂಖ್ಯೆ ಕೊಟ್ಟ 1963ರ ಆಸ್ಕಿ ಪಟ್ಟಿಗೂ ಅದೇ ಇಳಿದು ಬಂತು: 34ನೇ ಸಂಖ್ಯೆ ಜೋಡಿ ಕೋಟ್, 39 ಒಂಟಿ ಕೋಟ್. ಇಂಗ್ಲಿಷಿನಲ್ಲಿ ಬಿಟ್ಟುಹೋದ ಅಕ್ಷರದ ಜಾಗ ತೋರಿಸುವ ಅಪಾಸ್ಟ್ರಫಿಯ ಕೆಲಸವೂ 39ರ ಹೆಗಲಿಗೇ ಬಿತ್ತು. ಇಂದು ಕೋಡ್ ಬರೆದು ಹುಡುಕುತ್ತಿರುವುದು ಆಗ ಕಳೆದ ಆ ದಿಕ್ಕನ್ನೇ.

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ 1978ರಲ್ಲಿ ಪುಟ ಜೋಡಿಸುವ ತಂತ್ರಾಂಶ ಟೆಕ್ ರೂಪಿಸಿದಾಗ ಊಹೆಯ ಗೊಡವೆಗೇ ಹೋಗಲಿಲ್ಲ. ತೆರೆಯಲು ಎರಡು ಬ್ಯಾಕ್‌ಟಿಕ್ (`), ಮುಚ್ಚಲು ಎರಡು ಒಂಟಿ ಕೋಟ್. ದಿಕ್ಕು ಹೇಳುವುದು ಬರೆಯುವವರ ಹೊಣೆ. ವರ್ಡ್‌ನಂಥ ತಂತ್ರಾಂಶಗಳು ಟೈಪ್ ಮಾಡುತ್ತಿದ್ದಂತೆಯೇ ಕೋಟನ್ನು ತಾವೇ ತಿರುಗಿಸತೊಡಗಿದವು. ವೆಬ್ ಬರಹಕ್ಕೆಂದು ಜಾನ್ ಗ್ರೂಬರ್ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ನೆಟ್ಟಗಿನ ಕೋಟನ್ನು ಬಾಗಿಸುವ ಸ್ಮಾರ್ಟಿಪ್ಯಾಂಟ್ಸ್ ಬರೆದರು, ಸರಳ ಗುರುತುಗಳಿಂದ ವೆಬ್ ಪುಟ ಬರೆಯುವ ತಮ್ಮ 2004ರ ಮಾರ್ಕ್‌ಡೌನ್‌ಗೂ ಮೊದಲೇ. ಪುಟದಲ್ಲಿ ಕೋಡ್ ಇರುವ ಭಾಗವನ್ನು ಅದು ಮುಟ್ಟುವುದಿಲ್ಲ. ಅದು ಬಹಳ ದೊಡ್ಡ ವಿವೇಕ, ಏಕೆಂದರೆ ಪ್ರೋಗ್ರಾಮಿನೊಳಗೆ ನೆಟ್ಟಗಿನ ಕೋಟ್ ಇರಬೇಕಾದಲ್ಲಿ ಬಾಗಿದ್ದು ನುಸುಳಿದರೆ ಆ ಪ್ರೋಗ್ರಾಮ್ ಸಾಮಾನ್ಯವಾಗಿ ಓಡುವುದೇ ಇಲ್ಲ. ಇಂಗ್ಲಿಷಿನಲ್ಲಿ ದಶಕವನ್ನು ಮೊಟಕಾಗಿ '80s ಎಂದು ಬರೆದಾಗ ಮುಂದಿರುವುದು ಅಪಾಸ್ಟ್ರಫಿ, ತೆರೆಯುವ ಕೋಟ್ ಅಲ್ಲ. ಅದಕ್ಕೂ ಅವರು ಬೇರೆ ನಿಯಮ ಬರೆಯಬೇಕಾಯಿತು.

ಕನ್ನಡದ ತೊಡಕು ಬೇರೆ. ನಾವು ಕೋಟ್ ಮುಚ್ಚಿದ ಕೂಡಲೇ ಪ್ರತ್ಯಯ ಅಂಟಿಸುತ್ತೇವೆ: ‘ಕವಿ’ಯ, ‘ಮನೆ’ಗೆ, ‘ವನ’ದಲ್ಲಿ. ಹಿಂದೆ ಅಕ್ಷರವಿದ್ದರೆ ಮುಚ್ಚುವ ಕೋಟ್, ಇಲ್ಲದಿದ್ದರೆ ತೆರೆಯುವುದು ಎಂದು ಕೋಡ್ ಬರೆದೆವು ಎನ್ನಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ, ಅಂದರೆ ಪಠ್ಯದಲ್ಲಿ ಹುಡುಕಲು ಬರೆಯುವ ಮಾದರಿಯಲ್ಲಿ, ‘ಅಕ್ಷರ’ ಎಂಬ ಗುರುತು ‘ನ’ವನ್ನು ಒಪ್ಪುತ್ತದೆ, ‘ವಿ’ಯ ಗುಡಿಸನ್ನು ಒಪ್ಪುವುದಿಲ್ಲ. ಎಲ್ಲ ಭಾಷೆಗಳ ಲಿಪಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಗುಡಿಸು, ಏತ್ವ, ಕೊಂಬುಗಳು ಅಕ್ಷರವಲ್ಲ, ಅಕ್ಷರಕ್ಕೆ ಹತ್ತುವ ಚಿಹ್ನೆಗಳು. ಹಾಗಾಗಿ ಅದೇ ಕೋಡ್ ‘ವನ’ದಲ್ಲಿ ಎಂಬುದನ್ನು ಸರಿ ಮಾಡಿ, ಮರುಸಾಲಿನಲ್ಲೇ ‘ಕವಿ‘ಯ ಎಂದು ಮಾಡಿಬಿಡುತ್ತದೆ. ಇನ್ನೊಂದು ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಅದೇ ಗುರುತಿಗೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಲ್ಲಿ ‘ವನ’ವೂ ಕೆಡುತ್ತದೆ.

ಕರಡು ತಿದ್ದುವಾಗ ಇಂಥ ತಪ್ಪು ನನ್ನ ಕಣ್ಣಿಗೆ ಬೇಗ ಬೀಳುವುದಿಲ್ಲ. ಚಿಕ್ಕ ಅಕ್ಷರದಲ್ಲಿ ‘ ಮತ್ತು ’ ಒಂದೇ ಥರ ತೋರುತ್ತವೆ. ಪುಸ್ತಕದ ಪುಟಕ್ಕೆ ಏರಿದ ಮೇಲೆ ಗೊತ್ತಾದಾಗ ನಿಜಕ್ಕೂ ಸಂಕಟವಾಗುತ್ತದೆ.

ಗ್ರೂಬರ್ ಬರೆದ ನಿಯಮ ಇಲ್ಲಿ ನಮ್ಮ ಕೈ ಹಿಡಿಯುತ್ತದೆ. ಅದು ಹಿಂದೆ ಅಕ್ಷರವಿದೆಯೇ ಎಂದು ನೋಡುವುದಿಲ್ಲ. ಖಾಲಿ ಜಾಗ, ತೆರೆದ ಆವರಣ, ಅಡ್ಡಗೆರೆ ಇವೆಯೇ ಎಂದು ನೋಡುತ್ತದೆ. ಇವು ಬಿಟ್ಟು ಬೇರೇನಾದರೂ ಹಿಂದಿದ್ದರೆ ಕೋಟ್ ಮುಚ್ಚುತ್ತದೆ. ಗುಡಿಸಿನ ಮುಂದೆಯೂ ಅದು ಎಡವುವುದಿಲ್ಲ.