ಲೈಬ್ರರೀಲಿ ಕೂತಾಗ ಹೊಟ್ಟೆ ಗುಡುಗುಡು ಅನ್ನತ್ತೆ, ಗ್ಯಾಸ್ಟ್ರಿಕ್ಕಾ?

ಪ್ರಶ್ನೆ: ಎಕ್ಸಾಮ್‌ಗೆ ಓದ್ತಿದೀನಿ. ದಿನಾ ಬೆಳಗ್ಗೆ ಬರೀ ಕಾಫಿ ಕುಡಿದು ಬೇಲೂರಿಂದ ಬಸ್ ಹತ್ತಿ ಹಾಸನಕ್ಕೆ ಬಂದು ಲೈಬ್ರರೀಲಿ ಕೂರ್ತೀನಿ. ಹತ್ತೂವರೆ ಆಗ್ತಿದ್ದಂಗೆ ಹೊಟ್ಟೆ ಸದ್ದು ಮಾಡಕ್ಕೆ ಶುರು, ಪಕ್ಕದ ಟೇಬಲ್‌ನೋರು ತಿರುಗಿ ನೋಡ್ತಾರೆ. ಗ್ಯಾಸ್ ಮಾತ್ರೆ ತಗೊಂಡ್ರೂ ನಿಂತಿಲ್ಲ. ಏನ್ ಮಾಡ್ಲಿ?

ಮಾತ್ರೆಗೆ ನಿಂತಿಲ್ಲ ಅಂದ್ರೆ ಆಶ್ಚರ್ಯ ಏನಿಲ್ಲ. ನಮ್ ಕಡೆ ಎದೆ ಉರಿದ್ರೂ ಗ್ಯಾಸ್ಟ್ರಿಕ್, ತಲೆ ಸುತ್ತಿದ್ರೂ ಗ್ಯಾಸ್ಟ್ರಿಕ್, ಬೆನ್ನು ಹಿಡ್ಕೊಂಡ್ರೂ ಗ್ಯಾಸ್ಟ್ರಿಕ್ಕೇ, ಸೀದಾ ಮೆಡಿಕಲ್ ಶಾಪ್‌ಗೆ ಹೋಗಿ ಒಂದು ಸ್ಟ್ರಿಪ್ ತರೋದು. ಆ ಮಾತ್ರೆ ಕೆಲ್ಸ ಮಾಡೋದು ಆಸಿಡ್ ಮೇಲೆ. ಸದ್ದು ಆಸಿಡ್ಡಿಂದ ಬರಲ್ಲ, ಕರುಳು ಹಿಂಡಿ ಹಿಂಡಿ ಒಳಗಿರೋ ನೀರು, ಗಾಳೀನ ಮುಂದಕ್ಕೆ ತಳ್ಳತ್ತಲ್ಲ, ಅದರದ್ದು. ಡಾಕ್ಟ್ರುಗಳು ಇದಕ್ಕೆ ಬಾರ್ಬೊರಿಗ್ಮಸ್ ಅಂತಾರೆ, ಗ್ರೀಕ್‌ನಿಂದ ಬಂದ ಪದ, ಸದ್ದನ್ನೇ ಹೆಸರು ಮಾಡಿರೋದು, ನಮ್ಮ ಗುಡುಗುಡು ಥರಾನೇ.

ಸರಿ, ಹೊಟ್ಟೇಲಿ ಏನೂ ಇಲ್ದಿದ್ದಾಗಲೇ ಯಾಕೆ ಜೋರು? ತಿಂದಿದ್ದೆಲ್ಲ ಖಾಲಿ ಆದ್ಮೇಲೆ ಹೊಟ್ಟೆ ಸುಮ್ನೆ ಕೂರಲ್ಲ. ಸುಮಾರು ಒಂದೂವರೆಯಿಂದ 2 ಗಂಟೆಗೊಂದ್ಸಲ ಜಠರದಿಂದ ಒಂದು ಅಲೆ ಎದ್ದು, ಸುಮಾರು 20 ಅಡಿ ಉದ್ದದ ಸಣ್ಣ ಕರುಳಲ್ಲಿ ಇಳ್ಕೊಂಡು ಹೋಗತ್ತೆ, ಉಳಿದ ಚೂರುಪಾರು, ಬ್ಯಾಕ್ಟೀರಿಯಾ ಎಲ್ಲಾ ಗುಡಿಸ್ಕೊಂಡು. ಇದಕ್ಕೆ ಮೋಟಿಲಿನ್ ಅನ್ನೋ ಹಾರ್ಮೋನ್ ಚಾಲೂ ಕೊಡತ್ತೆ. ಊಟ ಬಿತ್ತು ಅಂದ್ರೆ ಗುಡಿಸೋದು ಬಂದ್. ಮನೇಲಿ ಸಾಮಾನು ತುಂಬಿದ್ರೆ ಮಾತು ಅಷ್ಟು ಕೇಳ್ಸಲ್ಲ, ಖಾಲಿ ಮನೇಲಿ ಕೆಮ್ಮಿದ್ರೂ ಮಾರ್ದನಿ, ಇದೂ ಹಂಗೇ. ನೀವು ರಾತ್ರಿ ಊಟ ಆದ್ಮೇಲೆ ಬೆಳಗ್ಗೆ ಹತ್ತೂವರೆ ತನಕ ಖಾಲಿ, ಅದರ ಮೇಲೆ ಕಾಫಿ ಬೇರೆ. ಕಾಫಿ ಕೆಲವರಿಗೆ ಕರುಳನ್ನ ಇನ್ನೂ ಓಡಿಸತ್ತೆ (ಚಿಕ್ಕಮಗಳೂರು ಕಡೆಯವನಾಗಿ ಕಾಫಿ ಬಿಡಿ ಅಂತ ಬರೆಯೋಕೆ ನನಗೆ ಕೈ ಬರಲ್ಲ, ತಿಂಡಿ ಜೊತೆ ಕುಡೀರಿ ಅಷ್ಟೇ).

ಊಟ ಆದ್ಮೇಲೂ ಗುಡುಗುಡು ಅಂದ್ರೆ ಕಥೆ ಬೇರೆ. ಆಗ ತಿಂದಿದ್ದನ್ನ ನೋಡ್ಬೇಕು. ಅವರೆಕಾಯಿ ಕಾಲದಲ್ಲಿ ನಮ್ಮನೇಲಿ ಸಂಜೆ ಎಲ್ಲರ ಹೊಟ್ಟೇನೂ ಒಂದೊಂದು ರಾಗ. ಕಾಳಲ್ಲಿರೋ ಕೆಲವು ಸಕ್ಕರೆ ನಮ್ಮ ಸಣ್ಣ ಕರುಳಲ್ಲಿ ಕರಗಲ್ಲ, ಕೆಳಗೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನ ತಿಂದು ಗ್ಯಾಸ್ ಬಿಡ್ತಾವೆ. ಅಮ್ಮ ಒಣಕಾಳನ್ನ ರಾತ್ರಿ ನೆನೆಹಾಕಿ ಬೆಳಗ್ಗೆ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮೆತ್ತಗೆ ಬೇಯ್ಸಿ ಇಂಗು ಹಾಕ್ತಿದ್ರು. ಆ ಸಕ್ಕರೆ ಒಂದಿಷ್ಟು ನೆನೆಸಿದ ನೀರಲ್ಲೇ ಹೋಗತ್ತೆ, ಅದಕ್ಕೇ ಚೆಲ್ಲೋದು ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಹಾಲು ಕುಡಿದಾಗಲೇ ಹಿಂಗಾದ್ರೆ ಹಾಲಿನ ಸಕ್ಕರೆ, ಅಂದ್ರೆ ಲ್ಯಾಕ್ಟೋಸ್, ಅರಗ್ತಿಲ್ಲ ಅಂತ ಇರ್ಬೋದು, ಅಂಥವರಲ್ಲಿ ಸುಮಾರು ಜನಕ್ಕೆ ಮೊಸರು ಒಗ್ಗತ್ತೆ. ಸೋಡಾ, ಶುಗರ್‌ಫ್ರೀ ಚ್ಯೂಯಿಂಗ್ ಗಮ್, ಗಬಗಬ ತಿನ್ನೋದು, ಇವೂ ಅಷ್ಟೇ.

ಲೈಬ್ರರೀಲಿ ಸಡನ್ನಾಗಿ ಶುರುವಾದ್ರೆ ಆಚೆ ಬಂದು ಒಂದು ಬಾಳೆಹಣ್ಣೋ ಎರಡು ಬಿಸ್ಕೆಟ್ಟೋ ತಿಂದು, ನೀರು ನಿಧಾನಕ್ಕೆ ಗುಟುಕು ಗುಟುಕಾಗಿ ಕುಡೀರಿ. ಬರೀ ನೀರನ್ನೇ ಗಟಗಟ ಕುಡಿದ್ರೆ ಸದ್ದು ಇನ್ನೂ ಜಾಸ್ತಿ ಆಗೋದೂ ಉಂಟು, ಗಾಳೀನೂ ಒಳಗೆ ಹೋಗತ್ತಲ್ಲ.

ಸದ್ದೊಂದೇ ಇದ್ರೆ ಹೆದರೋದು ಬೇಡ. ನಿಜ ಹೇಳ್ಬೇಕಂದ್ರೆ ಡಾಕ್ಟ್ರು ಸ್ಟೆಥಸ್ಕೋಪ್ ಹೊಟ್ಟೆ ಮೇಲಿಟ್ಟಾಗ ಸದ್ದೇ ಇಲ್ಲ ಅಂದ್ರೆ ಅವ್ರಿಗೆ ಚಿಂತೆ. ಆದ್ರೆ ಸದ್ದಿನ ಜೊತೆ ಜೋರು ನೋವು, ವಾಂತಿ, ಹೊಟ್ಟೆ ಉಬ್ಬಿ ಗಾಳೀನೂ ಹೋಗದೆ ಇರೋದು ಇದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮೋಷನ್‌ನಲ್ಲಿ ರಕ್ತ, ಕಾರಣ ಇಲ್ದೆ ತೂಕ ಇಳಿಯೋದು, ವಾರಗಟ್ಟಲೆ ಭೇದಿ, ಇದ್ಯಾವ್ದಿದ್ರೂ ತೋರಿಸ್ಲೇಬೇಕು. ನಿಮ್ಮ ಪತ್ರದಲ್ಲಿ ಇವ್ಯಾವೂ ಇಲ್ಲ, ಹಂಗಾಗಿ ಒಂದು ವಾರ ಬಸ್ ಹತ್ತೋ ಮುಂಚೆ ಎರಡು ಇಡ್ಲೀನೋ ಒಂದು ಅಕ್ಕಿರೊಟ್ಟೀನೋ ತಿಂದು ನೋಡಿ. ಆ ಮಾತ್ರೆ ಡಾಕ್ಟ್ರು ಬರೆದು ಕೊಟ್ಟಿದ್ದಲ್ಲ ಅಂದ್ರೆ ಬ್ಯಾಗಲ್ಲೇ ಇರ್ಲಿ.