ಆಗಸ್ಟ್‌ನಲ್ಲೇ ಮುಗಿಯುವ ಚುನಾವಣೆ: ಡೆಟ್ರಾಯಿಟ್‌ನ 13ನೇ ಕ್ಷೇತ್ರದ ಹಿನ್ನೆಲೆ

ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2023ರ ಜನವರಿಯಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದ 13ನೇ ಕ್ಷೇತ್ರದಿಂದ ಅಮೆರಿಕದ ಸಂಸತ್ತಿನ ಕೆಳಮನೆ ಸೇರಿದಾಗ ನಮ್ಮ ಕಡೆ ಅದು ಹೆಮ್ಮೆಯ ಸುದ್ದಿಯಾಗಿತ್ತು. ಡೆಟ್ರಾಯಿಟ್‌ನವರಿಗೆ ಆ ಸುದ್ದಿಯಲ್ಲಿ ನೋವೂ ಇತ್ತು. 1955ರಿಂದ ಅಲ್ಲಿಯವರೆಗೆ ಸಂಸತ್ತಿನಲ್ಲಿ ಆ ನಗರದ ಕಪ್ಪು ಪ್ರತಿನಿಧಿ ಇಲ್ಲದ ಅವಧಿಯೇ ಇರಲಿಲ್ಲ. ನಗರದ ಪ್ರತಿ ನಾಲ್ವರಲ್ಲಿ ಮೂವರು ಕಪ್ಪು ಜನ ಎಂಬುದನ್ನು ನೆನೆದರೆ ಆ ನೋವಿನ ತೂಕ ತಿಳಿಯುತ್ತದೆ.

ಕಾರು ಕಾರ್ಖಾನೆಗಳ ಕೆಲಸ ಅರಸಿ ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಜನರಿಂದ ಡೆಟ್ರಾಯಿಟ್‌ನ ಸ್ವರೂಪವೇ ಬದಲಾಯಿತು. 1910ರಲ್ಲಿ ಆರು ಸಾವಿರಕ್ಕಿಂತ ಕಡಿಮೆಯಿದ್ದ ಅವರ ಸಂಖ್ಯೆ 1930ಕ್ಕೆ ಸುಮಾರು 1.2 ಲಕ್ಷ. 1954ರಲ್ಲಿ ಚಾರ್ಲ್ಸ್ ಡಿಗ್ಸ್ ಗೆದ್ದು ಮಿಷಿಗನ್‌ನ ಮೊದಲ ಕಪ್ಪು ಸಂಸದರಾದರು. 1964ರಲ್ಲಿ ಜಾನ್ ಕಾನ್ಯರ್ಸ್ ಕೂದಲೆಳೆಯ ಅಂತರದಲ್ಲಿ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ) ಗೆದ್ದವರು, 2017ರ ಡಿಸೆಂಬರ್‌ವರೆಗೆ ಸಂಸತ್ತಿನಲ್ಲೇ ಉಳಿದರು.

ಅಷ್ಟರಲ್ಲಿ ನಗರ ಖಾಲಿಯಾಗುತ್ತಿತ್ತು. 1950ರಲ್ಲಿ 18.5 ಲಕ್ಷ ಇದ್ದ ಜನಸಂಖ್ಯೆ 2020ಕ್ಕೆ 6.39 ಲಕ್ಷ. ಕೆಳಮನೆಯಲ್ಲಿ 1970ರ ದಶಕದಲ್ಲಿ 19 ಇದ್ದ ರಾಜ್ಯದ ಸ್ಥಾನಗಳು ಈಗ 13. ಒಂದು ಕ್ಷೇತ್ರಕ್ಕೆ ಸುಮಾರು 7.75 ಲಕ್ಷ ಜನ ಬೇಕು; ಅಂದರೆ ಇಡೀ ಡೆಟ್ರಾಯಿಟ್ ಸೇರಿಸಿದರೂ ಒಂದು ಕ್ಷೇತ್ರ ತುಂಬುವುದಿಲ್ಲ. ಹಾಗಾಗಿ ಪ್ರತಿ ಮರುವಿಂಗಡಣೆಯಲ್ಲೂ ಗೆರೆ ಉಪನಗರಗಳತ್ತ ಚಾಚುತ್ತ ಹೋಯಿತು. 2011ರ ನಕ್ಷೆಯ 14ನೇ ಕ್ಷೇತ್ರವಂತೂ ಡೆಟ್ರಾಯಿಟ್‌ನಿಂದ ಪಾಂಟಿಯಾಕ್‌ವರೆಗೆ ಹಾವಿನಂತೆ ಹರಿದಿತ್ತು. ಕಪ್ಪು ಮತದಾರರನ್ನು ಹೀಗೆ ಎರಡೇ ಕ್ಷೇತ್ರಗಳಲ್ಲಿ ತುಂಬಿದ್ದರಿಂದ ಸುತ್ತಲಿನ ಕ್ಷೇತ್ರಗಳಲ್ಲಿ ರಿಪಬ್ಲಿಕನ್ನರ ಹಾದಿ ಸಲೀಸಾಗಿತ್ತು.

2018ರ ಜನಮತಗಣನೆಯಲ್ಲಿ ಮತದಾರರು ಗೆರೆ ಎಳೆಯುವ ಅಧಿಕಾರವನ್ನು ಶಾಸಕರಿಂದ ಕಿತ್ತು 13 ನಾಗರಿಕರ ಆಯೋಗಕ್ಕೆ ಕೊಟ್ಟರು: ನಾಲ್ವರು ಡೆಮಾಕ್ರಟಿಕ್, ನಾಲ್ವರು ರಿಪಬ್ಲಿಕನ್, ಐವರು ಯಾವ ಪಕ್ಷಕ್ಕೂ ಸೇರದವರು. ಆಯೋಗ ಡೆಟ್ರಾಯಿಟ್ ಅನ್ನು 12 ಮತ್ತು 13ನೇ ಕ್ಷೇತ್ರಗಳಿಗೆ ಹಂಚಿತು. ಹೊಸ 13ರಲ್ಲಿ ನಗರದ ದೊಡ್ಡ ಭಾಗದ ಜೊತೆ ಹ್ಯಾಮ್‌ಟ್ರಾಮಿಕ್, ಹೈಲ್ಯಾಂಡ್ ಪಾರ್ಕ್, ಸಿರಿವಂತರ ಗ್ರೋಸ್ ಪಾಯಿಂಟ್, ದಕ್ಷಿಣದ ದುಡಿಯುವ ಜನರ ಟೇಲರ್ ಸೇರಿವೆ. ಕಪ್ಪು ಜನರ ಪಾಲು ಅರ್ಧಕ್ಕಿಂತ ಸ್ವಲ್ಪ ಕೆಳಗಿಳಿಯಿತು. ಡೆಮಾಕ್ರಟಿಕ್ ಹಿಡಿತ ಮಾತ್ರ ಕಿಂಚಿತ್ತೂ ಸಡಿಲವಾಗಲಿಲ್ಲ.

ಹೀಗೆ ಒಂದೇ ಪಕ್ಷದ ಭದ್ರಕೋಟೆಯಾದ ಕಡೆ ನವೆಂಬರ್ ಮತದಾನ ಬರೀ ಶಾಸ್ತ್ರ. ನಿಜವಾದ ಸ್ಪರ್ಧೆ ಆಗಸ್ಟ್ ಮೊದಲ ವಾರದ ಪ್ರೈಮರಿಯಲ್ಲಿ. ನಮ್ಮಲ್ಲಿ ಹೈಕಮಾಂಡ್ ಟಿಕೆಟ್ ಕೊಡುತ್ತದೆ. ಅಲ್ಲಿ ಟಿಕೆಟ್ ಹಂಚುವವರು ಮತದಾರರೇ. ಮಿಷಿಗನ್‌ನಲ್ಲಿ ಪಕ್ಷದ ಸದಸ್ಯತ್ವ ಬೇಕಿಲ್ಲ, ಯಾರು ಬೇಕಾದರೂ ಯಾವ ಪಕ್ಷದ ಪ್ರೈಮರಿಯಲ್ಲಾದರೂ ಮತ ಹಾಕಬಹುದು. ಆದರೆ ಎರಡೂ ಪಕ್ಷಗಳ ಅಂಕಣದಲ್ಲಿ ಗುರುತು ಹಾಕಿದರೆ ಮತಪತ್ರದ ಆ ಭಾಗವೇ ಅಸಿಂಧು. ಇನ್ನೊಂದು ಮುಖ್ಯ ಸಂಗತಿ, ಎರಡನೇ ಸುತ್ತು ಇಲ್ಲ. ಎಷ್ಟೇ ಮಂದಿ ನಿಂತರೂ ಹೆಚ್ಚು ಮತ ಪಡೆದವರೇ ಗೆದ್ದಂತೆ.

ಮತ ಹಂಚಿಹೋದರೆ ಏನಾಗುತ್ತದೆ ಎಂಬುದಕ್ಕೆ 2018ಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಕಾನ್ಯರ್ಸ್ ರಾಜೀನಾಮೆಯಿಂದ ಆಗಿನ 13ನೇ ಕ್ಷೇತ್ರದಲ್ಲಿ ಉಳಿದ ಅವಧಿಗೊಂದು, ಮುಂದಿನ ಪೂರ್ಣ ಅವಧಿಗೊಂದು ಡೆಮಾಕ್ರಟಿಕ್ ಪ್ರೈಮರಿ ಒಂದೇ ದಿನ ನಡೆದವು. ಮೊದಲನೆಯದರಲ್ಲಿ ನಾಲ್ವರಿದ್ದರು; ಡೆಟ್ರಾಯಿಟ್ ನಗರಸಭೆಯ ಕಪ್ಪು ಅಧ್ಯಕ್ಷೆ ಬ್ರೆಂಡಾ ಜೋನ್ಸ್ ಗೆದ್ದರು. ಎರಡನೆಯದರಲ್ಲಿ ಆರು ಮಂದಿ. ಪ್ಯಾಲೆಸ್ಟೀನ್ ಮೂಲದ ರಶೀದಾ ತ್ಲೈಬ್ ಸುಮಾರು 900 ಮತಗಳ ಅಂತರದಿಂದ ಗೆದ್ದರು. ಅದೇ ಮತದಾರರು, ಅದೇ ಮತಗಟ್ಟೆ.

2022ರಲ್ಲಿ ಒಂಬತ್ತು ಮಂದಿ ಕಣದಲ್ಲಿದ್ದರು. ಹಲವು ಕಪ್ಪು ಅಭ್ಯರ್ಥಿಗಳ ನಡುವೆ ಮತ ಚದುರಿತು. ಸ್ವಂತ ಹಣ ಧಾರಾಳವಾಗಿ ಸುರಿದ ಥಾಣೇದಾರ್ ಶೇ 28ರಷ್ಟು, ಅಂದರೆ 22 ಸಾವಿರದ ಆಸುಪಾಸಿನ ಮತ ಪಡೆದು ಗೆದ್ದರು. ಎರಡನೇ ಸ್ಥಾನದ, ಆಗಿನ ರಾಜ್ಯ ಸೆನೆಟರ್ ಆಡಮ್ ಹೋಲಿಯರ್‌ಗೆ ಸುಮಾರು ಶೇ 23.5. ನವೆಂಬರ್‌ನಲ್ಲಿ ಥಾಣೇದಾರ್‌ಗೆ ಬಂದದ್ದು ಶೇ 71. ಕಪ್ಪು ಪ್ರತಿನಿಧಿ ಇಲ್ಲವಾಗಲು ಕ್ಷೇತ್ರದಲ್ಲಿ ಕಪ್ಪು ಜನರ ಪಾಲು ಇಳಿದದ್ದೇ ಕಾರಣ ಎನ್ನುವವರಿದ್ದಾರೆ. ಮತ ಹಂಚಿಕೆಯ ಪಾತ್ರವೇ ದೊಡ್ಡದು ಎಂದು ಈ ಅಂಕಿಗಳು ಹೇಳುತ್ತವೆ.

2024ರಲ್ಲಿ ಹೋಲಿಯರ್ ಮತ್ತೆ ಬಂದರು, ಆದರೆ ಮತಪತ್ರದವರೆಗೂ ತಲುಪಲಿಲ್ಲ. ಸ್ಪರ್ಧಿಸಲು ಮತದಾರರ 1,000 ಸಿಂಧು ಸಹಿ ಬೇಕು. ಸಹಿ ಸಂಗ್ರಹಿಸಿದವರ ಹಾಳೆಗಳಲ್ಲಿ ಒಂದೇ ಕೈಬರಹದ ಸಹಿಗಳು ಕಂಡುಬಂದು, ಪರಿಶೀಲನೆಯ ನಂತರ ಉಳಿದದ್ದು 863. ಥಾಣೇದಾರ್ ಆ ಪ್ರೈಮರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಪಡೆದರು.