‘ಅಮಿಗೋವಿಯೊ’ ಅಂದ್ರೆ ಗೆಳೆಯನೋ, ಪ್ರಿಯಕರನೋ?

ಪ್ರಶ್ನೆ: ಸ್ಪ್ಯಾನಿಷ್ ಧಾರಾವಾಹಿಯೊಂದರಲ್ಲಿ ‘ಅಮಿಗೋವಿಯೊ’ ಅನ್ನುವ ಪದ ಕೇಳಿದೆ. ‘ಅಮಿಗೊ’ ಅಂದ್ರೆ ಗೆಳೆಯ, ಅದು ಗೊತ್ತು. ಆ ‘ವಿಯೊ’ ಎಲ್ಲಿಂದ ಬಂತು?

ಉತ್ತರ: ‘ನೋವಿಯೊ’ದಿಂದ. ನೋವಿಯೊ ಅಂದ್ರೆ ಪ್ರಿಯಕರ. ಎರಡೂ ಪದಗಳಲ್ಲಿ ಒಂದು ‘ಒ’ ಇದೆಯಲ್ಲ, ಬೆಸುಗೆ ಬಿದ್ದಿರುವುದು ಅಲ್ಲೇ. ‘ಅಮಿಗೊ’ ಪೂರ್ತಿ ಉಳಿಯಿತು, ‘ನೋವಿಯೊ’ ತನ್ನ ‘ನ’ಕಾರ ಕಳೆದುಕೊಂಡಿತು. ಆದರೆ ರಾಗ ಮಾತ್ರ ನೋವಿಯೊದ್ದೇ. ಅಮಿಗೊ ಅನ್ನುವಾಗ ಒತ್ತು ‘ಮಿ’ ಮೇಲೆ ಬೀಳುತ್ತದೆ. ಜೋಡಿಪದದಲ್ಲಿ ಅದು ‘ಗೋ’ಗೆ ಜಾರುತ್ತದೆ, ಥೇಟ್ ನೋವಿಯೊದ ‘ನೋ’ ಥರ. ಹುಡುಗಿಯಾದರೆ ‘ಅಮಿಗೋವಿಯಾ’.

ಇಂಥ ಪದ ಯಾಕೆ ಬೇಕಾಯಿತು? ನೋವಿಯೊ ಸ್ವಲ್ಪ ಭಾರದ ಪದ. ಪ್ರೀತಿಸುವ ಹುಡುಗನೂ ನೋವಿಯೊ, ನಿಶ್ಚಿತಾರ್ಥ ಆದವನೂ ನೋವಿಯೊ, ಮದುವೆ ದಿನದ ಮದುಮಗನೂ ನೋವಿಯೊ! ಅದರ ಬೇರು ಲ್ಯಾಟಿನ್ನಿನ ‘ನೋವುಸ್’, ಅಂದರೆ ಹೊಸದು. ನಮ್ಮ ಲಗ್ನಪತ್ರಿಕೆಗಳಲ್ಲಿ ಕಾಣುವ ‘ನವವಧು’ವಿನ ‘ನವ’ಕ್ಕೂ ಇದಕ್ಕೂ ಮೂಲ ಒಂದೇ. ಸುಮ್ನೆ ಜೊತೆಗೆ ಓಡಾಡಿಕೊಂಡಿರುವ ಹುಡುಗನಿಗೆ ಇಷ್ಟು ದೊಡ್ಡ ಪಟ್ಟ ಕಟ್ಟಿದರೆ ಜಾಸ್ತಿ ಆಯಿತು, ಅಲ್ವಾ? ಬರೀ ಅಮಿಗೊ ಅಂದರೆ ಅದೂ ಸುಳ್ಳು. ಹಾಗಾಗಿ ಈ ನಡುವಿನ ಪದ. ಮುತ್ತೂ ಉಂಟು, ಮದುವೆ ಮಾತಿಲ್ಲ.

2014ರಲ್ಲಿ ಬಂದ ಸ್ಪ್ಯಾನಿಷ್ ರಾಯಲ್ ಅಕಾಡೆಮಿ ನಿಘಂಟಿನ 23ನೇ ಆವೃತ್ತಿ ಇದನ್ನು ಸೇರಿಸಿಕೊಂಡಿತು. 1713ರಲ್ಲಿ ಹುಟ್ಟಿದ ಗಂಭೀರ ಸಂಸ್ಥೆ ಅದು. ಅಲ್ಲಿ ಆಡುಮಾತು ಅಂತ ಗುರುತು ಹಾಕಿ, ಅರ್ಜೆಂಟೀನಾ, ಮೆಕ್ಸಿಕೊ, ಪರಾಗ್ವೆ, ಉರುಗ್ವೆ ಅಂತ ಊರುಗಳನ್ನೂ ಹೇಳಿದ್ದಾರೆ. ಪಟ್ಟಿಯಲ್ಲಿ ಸ್ಪೇನ್ ಇಲ್ಲ. ನನ್ನ ಪ್ರಕಾರ ಮೆಚ್ಚಬೇಕಾದದ್ದು ವಿವರಣೆಯ ನಯ: ನೋವಿಯೊ ಸಂಬಂಧಕ್ಕಿಂತ ಕಡಿಮೆ ಔಪಚಾರಿಕ ಬದ್ಧತೆ ಇರುವ ಸಂಬಂಧದವರು, ಅಷ್ಟೇ. ಮಂಚದ ಸುದ್ದಿಯೇ ಇಲ್ಲ.

ಸ್ಪೇನಿನವರಿಗೆ ಅಷ್ಟು ಸಂಕೋಚವಿಲ್ಲ. ಅವರ ಜೋಡಿಪದ ‘ಫೋಯಾಮಿಗೊ’. ಇಲ್ಲಿ ಅಮಿಗೊ ಹಿಂದಕ್ಕೆ ಹೋಗಿ, ಮುಂದೆ ‘ಫೋಯಾರ್’ ಅನ್ನುವ ಕ್ರಿಯಾಪದ ಬಂದು ಕೂತಿದೆ. ಅದು ಹಾಸಿಗೆಯ ಕೆಲಸಕ್ಕೆ ಅಲ್ಲಿನವರು ಬಳಸುವ ಪೋಲಿ ಮಾತು. ಸ್ಪ್ಯಾನಿಷ್ ಟೀಚರ್ ಮುಂದೆ ಪ್ರಯೋಗ ಮಾಡುವುದಾದರೆ ಅಮಿಗೋವಿಯೊ ಸಾಕು.